ಉಗುರಿನ ಕಸುಬು: ಮಾಡುವ ಕೈ, ಕಲಿಸುವ ಕೈ

ಜೆಲ್ ಪಾಲಿಶ್ ಹಚ್ಚುವ ಬ್ರಷ್ಷು ಉಗುರಿನ ಬುಡದ ಹತ್ತಿರ ಹೋದಾಗ ಚರ್ಮಕ್ಕೆ ತಾಗದಂತೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಬೇಕು. ವರ್ಷಗಟ್ಟಲೆ ಈ ಕೆಲಸ ಮಾಡಿದ ಕೈಗೆ ಅದು ಗೊತ್ತು. ಗಿರಾಕಿಯ ಜೊತೆ ಮಾತು ನಡೆದಿದ್ದರೂ ಬ್ರಷ್ಷು ನಿಲ್ಲುವಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಕೂತು ಕಲಿಯುವ ಹುಡುಗಿ "ಅದು ಹೇಗೆ ಅಕ್ಕಾ?" ಎಂದು ಕೇಳಿದರೆ ಮಾತ್ರ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಹೀಗೆ, ನೋಡು." ಹುಡುಗಿ ನೋಡುತ್ತಾಳೆ, ತಾನೂ ಹಚ್ಚುತ್ತಾಳೆ, ಬಣ್ಣ ಚರ್ಮದ ಮೇಲೆ ಹರಿಯುತ್ತದೆ. ಬ್ರಷ್ಷಿನಲ್ಲಿ ಎಷ್ಟು ಜೆಲ್ ಇರಬೇಕು, ಅದನ್ನು ಎಷ್ಟು ಓರೆಯಾಗಿ ಹಿಡಿಯಬೇಕು, ಕಿರುಬೆರಳನ್ನು ಎಲ್ಲಿ ಊರಿದರೆ ಕೈ ನಡುಗುವುದಿಲ್ಲ, ಮೊದಲ ಹನಿಯನ್ನು ಉಗುರಿನ ಯಾವ ಭಾಗದಲ್ಲಿಟ್ಟು ಎತ್ತ ಎಳೆಯಬೇಕು: ಇಷ್ಟನ್ನೂ ಬಿಡಿಸಿ ಹೇಳಲು ಬಂದಾಗ ನೇಲ್ ಟೆಕ್ನೀಶಿಯನ್ ಟೀಚರ್ ಆಗತೊಡಗುತ್ತಾರೆ.

ಈ ಬದಲಾವಣೆ ಮೇಲ್ನೋಟಕ್ಕೆ ಸಣ್ಣದು. ಆದರೆ ಕಾರವಾರ, ಅಂಕೋಲೆಯಂಥ ಊರುಗಳಲ್ಲಿ ಉಗುರಿನ ಕೆಲಸ ಸುರಕ್ಷಿತವಾಗಿ ಬೆಳೆಯುತ್ತದೋ ಇಲ್ಲವೋ ಎಂಬುದು ಇದರ ಮೇಲೇ ನಿಂತಿದೆ.

ಕೋಡಿಬಾಗ ಕಾರವಾರದ ಉತ್ತರದ ಅಂಚು. ಕಾಳಿ ನದಿ ಕಡಲು ಸೇರುವುದು ಇಲ್ಲೇ. ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ ದಾಟಿದರೆ ಸದಾಶಿವಗಡ, ಮುಂದೆ ಮಾಜಾಳಿ, ಅದರಾಚೆ ಗೋವಾ. 2024ರ ಆಗಸ್ಟ್ 7ರ ನಡುರಾತ್ರಿ ಇಲ್ಲಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ ನಾಡಿನವರೆಲ್ಲ ಈ ಹೆಸರು ಕೇಳಿದ್ದರು. ಊರಿನ ದಕ್ಷಿಣಕ್ಕೆ ಅರಗಾದಲ್ಲಿ 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ. ದೇಶದ ನಾನಾ ಮೂಲೆಗಳಿಂದ ವರ್ಗವಾಗಿ ಬರುವ ಕುಟುಂಬಗಳು, ಏಪ್ರಿಲ್-ಮೇ ತಿಂಗಳ ಮದುವೆಗಳು, ಗಡಿಯಾಚೆಗಿನ ಪ್ರವಾಸೋದ್ಯಮ, ಮೊಬೈಲ್‌ನಲ್ಲಿ ದಿನವೂ ಕಾಣುವ ಹೊಸ ಹೊಸ ಡಿಸೈನುಗಳು, ಇವೆಲ್ಲದರಿಂದ ಬ್ಯೂಟಿ ಪಾರ್ಲರಿನ ಕೆಲಸದ ಪಟ್ಟಿಗೆ ಜೆಲ್ ಪಾಲಿಶ್, ಉಗುರನ್ನು ಉದ್ದವಾಗಿಸುವ ಎಕ್ಸ್‌ಟೆನ್ಷನ್, ನೇಲ್ ಆರ್ಟ್ ಸೇರಿಕೊಳ್ಳುತ್ತಿವೆ. ಐಬ್ರೋ, ಫೇಶಿಯಲ್, ಮದುಮಗಳ ಮೇಕಪ್ಪಿನ ಸಾಲಿಗೆ ಬಂದ ಈ ಹೊಸ ಕೆಲಸವನ್ನು ಸರಿಯಾಗಿ ಕಲಿಯಬೇಕೆಂದರೆ ಹೆಚ್ಚಿನವರು ಗೋವಾಕ್ಕೋ ಹುಬ್ಬಳ್ಳಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು. ಉಳಿದವರಿಗೆ ಯೂಟ್ಯೂಬೇ ಗುರು.

ಹಾಗೆ ಹೋಗಿ ಕಲಿತು ಬಂದವರ ಹತ್ತಿರ ಕೆಲವು ವರ್ಷಗಳಲ್ಲಿ ಒಂದು ಕೋರಿಕೆ ಬರುತ್ತದೆ: "ನಮಗೂ ಕಲಿಸ್ತೀರಾ ಮೇಡಂ?" ಕೋರಿಕೆ ಬರುವ ಹೊತ್ತಿಗೆ ದೇಹವೂ ಅದನ್ನೇ ಹೇಳತೊಡಗಿರುತ್ತದೆ. ಒಂದು ಎಕ್ಸ್‌ಟೆನ್ಷನ್ ಸೆಟ್ಟಿಗೆ ಎರಡು ಗಂಟೆಯಾದರೂ ಕತ್ತು ಬಗ್ಗಿಸಿ ಕೂರಬೇಕು. ಫೈಲ್ ಮಾಡುವಾಗ ಏಳುವ ಪುಡಿ, ಅಸಿಟೋನಿನ ವಾಸನೆ, ಮಣಿಕಟ್ಟಿನ ನೋವು ದಿನವೂ ಇದ್ದದ್ದೇ. ದಿನಕ್ಕೆ ಎಷ್ಟು ಕೈಗಳನ್ನು ಸಿಂಗರಿಸಬಹುದು ಎಂಬುದಕ್ಕೆ ಮಿತಿ ಇರುವುದರಿಂದ ಗಳಿಕೆಗೂ ಮಿತಿ ಇದೆ. ಕಲಿಸುವುದು ಈ ಮಿತಿಯಿಂದ ಹೊರಬರುವ ದಾರಿ. ದೇಹ ಸೋತಿತೆಂದು ಕಸುಬಿನ ಅನುಭವ ವ್ಯರ್ಥವಾಗಬೇಕಿಲ್ಲ.

ಉಗುರಿನ ಕಸುಬಿನ ಚರಿತ್ರೆಯಲ್ಲಿ ಕಲಿಸಿದವರ ಕಥೆ ಎಂದರೆ ಮೊದಲು ನೆನಪಾಗಬೇಕಾದ ಹೆಸರು ಡಸ್ಟಿ ಕೂಟ್ಸ್. 1975ರ ಏಪ್ರಿಲ್ 30ರಂದು ಸೈಗಾನ್ ಪತನವಾಯಿತು. ವಿಯೆಟ್ನಾಂ ಬಿಟ್ಟು ಅಮೆರಿಕಕ್ಕೆ ಬಂದವರಲ್ಲಿ ಕೆಲವರಿಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ಹೋಪ್ ವಿಲೇಜ್ ಎಂಬ ಶಿಬಿರದಲ್ಲಿ ಆಶ್ರಯ ಸಿಕ್ಕಿತು. ಅಲ್ಲಿ ಸೇವೆಗೆ ಬರುತ್ತಿದ್ದವರು ಟಿಪ್ಪಿ ಹೆಡ್ರೆನ್, ಹಿಚ್‌ಕಾಕ್‌ನ 'ದಿ ಬರ್ಡ್ಸ್' ಚಿತ್ರದ ನಾಯಕಿ. ಶಿಬಿರದ ಹೆಂಗಸರಿಗೆ ಯಾವ ಕಸುಬು ಕಲಿಸಿದರೆ ಬದುಕು ನಡೆದೀತು ಎಂದು ಅವರು ಹೊಲಿಗೆ, ಟೈಪಿಂಗ್ ಎಲ್ಲ ಯೋಚಿಸುತ್ತಿದ್ದರೆ, ಹೆಂಗಸರ ಕಣ್ಣು ನಟಿಯ ಉಗುರುಗಳ ಮೇಲೆ ನೆಟ್ಟಿತ್ತು. ಹೆಡ್ರೆನ್ ತಮ್ಮ ಸ್ವಂತ ಮ್ಯಾನಿಕ್ಯೂರಿಸ್ಟ್ ಡಸ್ಟಿ ಕೂಟ್ಸ್ ಅವರನ್ನು ಲಾಸ್ ಏಂಜಲೀಸ್‌ನಿಂದ ವಿಮಾನದಲ್ಲಿ ಕರೆಸಿಕೊಂಡರು. ಸಿನಿಮಾ ಮಂದಿಯ ಉಗುರು ತಿದ್ದುವುದು ಕೂಟ್ಸ್ ಅವರ ಕೆಲಸವಾಗಿತ್ತು. ಈಗ ಅವರ ಮುಂದೆ ಮಾತು, ದೇಶ ಎರಡೂ ಹೊಸದಾಗಿದ್ದ 20 ಮಂದಿ ಹೆಂಗಸರು. ಆ ಬಳಿಕ ಸೌಂದರ್ಯ ಶಾಲೆಯೊಂದು ಅವರನ್ನು ಸೇರಿಸಿಕೊಂಡಿತು, ಪರೀಕ್ಷೆ ಮುಗಿಸಿ ಲೈಸೆನ್ಸ್ ಪಡೆದವರಿಗೆ ಕೆಲಸ ಕೊಡಿಸುವುದಕ್ಕೂ ಹೆಡ್ರೆನ್ ಓಡಾಡಿದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಒಂದು ಒಳ್ಳೆಯ ಸಮಾಜಸೇವೆ ಮಾತ್ರವಾಗುತ್ತಿತ್ತು. ಆದರೆ ಆ ಇಪ್ಪತ್ತು ಮಂದಿಯಲ್ಲಿ ಒಬ್ಬರಾದ ಥುವಾನ್ ಲೆ ತಮ್ಮ ಗೆಳತಿ ಕಿಯೆನ್ ನುಯೆನ್ ಅವರನ್ನು ಈ ಕಸುಬಿಗೆ ಎಳೆದರು. ಕಿಯೆನ್ ಮತ್ತು ಅವರ ಪತಿ 1987ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅಡ್ವಾನ್ಸ್ ಬ್ಯೂಟಿ ಕಾಲೇಜ್ ತೆರೆದು ವಿಯೆಟ್ನಾಮೀಸ್ ಭಾಷೆಯಲ್ಲೇ ಪಾಠ ಶುರುಮಾಡಿದರು. ಸಾವಿರಾರು ಮಂದಿ ಅಲ್ಲಿ ಕಲಿತು ಹೊರಬಂದರು. ಇಂದು ಅಮೆರಿಕದ ನೇಲ್ ಟೆಕ್ನೀಶಿಯನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವಿಯೆಟ್ನಾಂ ಮೂಲದವರು. ಇಷ್ಟು ದೊಡ್ಡ ಬದಲಾವಣೆಗೆ ಬಂಡವಾಳ ಹೂಡಿದ ಕಂಪನಿಯೇನೂ ಮೊದಲಲ್ಲಿ ಇರಲಿಲ್ಲ. ಒಬ್ಬರು ಕಲಿಸಿದರು, ಕಲಿತವರು ಇನ್ನೊಬ್ಬರಿಗೆ ತಮ್ಮ ಮಾತಿನಲ್ಲಿ ಕಲಿಸಿದರು.

ಕನ್ನಡ-ಕೊಂಕಣಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಕಾರವಾರಕ್ಕೆ ಇದು ಬಹಳ ಹತ್ತಿರದ ಸಂಗತಿ. ಉಗುರಿನ ಕಸುಬಿನ ಪುಸ್ತಕ, ಬಾಟಲಿಯ ಲೇಬಲ್, ಆನ್‌ಲೈನ್ ಕೋರ್ಸ್ ಎಲ್ಲವೂ ಹೆಚ್ಚಾಗಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿವೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗಿ ಡಿಸೈನನ್ನು ನೋಡಿಯೇ ಕಲಿತಾಳು. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಎಚ್ಚರಿಕೆಯನ್ನು ಯಾರಾದರೂ ಅವಳ ಮಾತಿನಲ್ಲೇ ಹೇಳಿಕೊಡಬೇಕು.

ಎಚ್ಚರಿಕೆ ಯಾಕೆ ಬೇಕು ಎಂದು ತಿಳಿಯಲು ಈ ಸಾಮಗ್ರಿಗಳ ಮೂಲಕ್ಕೇ ಹೋಗಬೇಕು. 1930ರ ದಶಕದ ಉಗುರುಬಣ್ಣ ಕಾರಿನ ಪೇಂಟಿನ ದಾಯಾದಿ, ಎರಡರಲ್ಲೂ ಇದ್ದದ್ದು ನೈಟ್ರೋಸೆಲ್ಯುಲೋಸ್. ಅಕ್ರಿಲಿಕ್ ಉಗುರು ಬಂದದ್ದು ಹಲ್ಲಿನ ಆಸ್ಪತ್ರೆಯಿಂದ: 1950ರ ದಶಕದಲ್ಲಿ ಫ್ರೆಡ್ ಸ್ಲಾಕ್ ಎಂಬ ಅಮೆರಿಕದ ದಂತವೈದ್ಯ ತನ್ನ ಮುರಿದ ಉಗುರಿಗೆ ಹಲ್ಲಿಗೆ ಬಳಸುವ ಅಕ್ರಿಲಿಕ್ಕನ್ನೇ ಬಳಸಿ ಕೃತಕ ಉಗುರು ಮಾಡಿಕೊಂಡ. ಆಮೇಲೆ ಬಂದ ಮೀಥೈಲ್ ಮೆಥಾಕ್ರಿಲೇಟ್ ದ್ರವ ಉಗುರನ್ನು ಹಾಳುಮಾಡುತ್ತದೆ, ಅಲರ್ಜಿ ತರುತ್ತದೆ ಎಂಬ ದೂರುಗಳು ಬಂದಾಗ 1970ರ ದಶಕದಲ್ಲಿ ಅಮೆರಿಕದ ಎಫ್‌ಡಿಎ ನ್ಯಾಯಾಲಯದ ಮೆಟ್ಟಿಲೇರಿ ಅಂಥ ಉತ್ಪನ್ನಗಳನ್ನು ತೆಗೆಸಿತು. ಇಂದಿನ ಜೆಲ್ ಪಾಲಿಶ್‌ಗಳೂ ಅಕ್ರಿಲೇಟ್ ಕುಟುಂಬದವೇ. ಯುವಿ ಲ್ಯಾಂಪಿನ ಬೆಳಕು ಬಿದ್ದಾಗ ಜೆಲ್ ಒಳಗಿನ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಪೂರ್ತಿ ಗಟ್ಟಿಯಾದ ಜೆಲ್‌ನಿಂದ ತೊಂದರೆ ಕಡಿಮೆ. ಗಟ್ಟಿಯಾಗದ ಜೆಲ್ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಮೈ ಅದನ್ನು ಶತ್ರುವೆಂದು ಗುರುತು ಹಾಕಿಕೊಳ್ಳುತ್ತದೆ.

ಒಮ್ಮೆ ಅಕ್ರಿಲೇಟ್ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಬೆರಳ ತುದಿ ಒಡೆದು ತುರಿಸುತ್ತದೆ, ಉಗುರು ಸಡಿಲವಾಗುತ್ತದೆ, ಮುಖದಲ್ಲೂ ದದ್ದು ಏಳಬಹುದು. ಹಲ್ಲಿನ ಫಿಲ್ಲಿಂಗ್‌ನಲ್ಲಿ, ಮಂಡಿಚಿಪ್ಪು ಬದಲಿಸುವಾಗ ಬಳಸುವ ಮೂಳೆ ಸಿಮೆಂಟಿನಲ್ಲಿ ಇರುವುದೂ ಇದೇ ಕುಟುಂಬದ ವಸ್ತು, ಅದಕ್ಕಾಗಿ ಮುಂದೆ ಚಿಕಿತ್ಸೆಯಲ್ಲೂ ತೊಡಕಾಗಬಹುದು. 2018ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಸಂಘ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಅಲರ್ಜಿಗೆ ಮುಖ್ಯ ಕಾರಣವಾದ ಹೇಮಾ ಎಂಬ ರಾಸಾಯನಿಕ ಇರುವ ಉಗುರು ಉತ್ಪನ್ನಗಳ ಮೇಲೆ 'ವೃತ್ತಿಪರರ ಬಳಕೆಗೆ ಮಾತ್ರ' ಎಂದು ಬರೆಯಬೇಕೆಂದು ಯುರೋಪ್ ಒಕ್ಕೂಟ 2021ರಿಂದ ಕಡ್ಡಾಯ ಮಾಡಿತು. ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಡುವುದು ಅಂದಕ್ಕಷ್ಟೇ ಅಲ್ಲ ಎಂದು ಈಗ ಗೊತ್ತಾಗುತ್ತದೆ. "ಹೀಗೆ, ನೋಡು" ಎಂದು ಕಲಿತವಳಿಗೆ ಈ ಕಾರಣ ಗೊತ್ತಿರುವುದಿಲ್ಲ. ಅವಸರದ ಮದುವೆ ದಿನ ಅವಳು ಮೊದಲು ಬಿಟ್ಟುಬಿಡುವುದು ಕಾರಣ ಗೊತ್ತಿಲ್ಲದ ನಿಯಮವನ್ನೇ.

ಭಾರತದಲ್ಲಿ ನೇಲ್ ಟೆಕ್ನೀಶಿಯನ್ ಆಗಲು ವೈಯಕ್ತಿಕ ಲೈಸೆನ್ಸ್ ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೇ ಕೆಲಸಕ್ಕೆ 400 ಗಂಟೆಯ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಇಲ್ಲಿ ಆನ್‌ಲೈನ್‌ನಲ್ಲಿ ಲ್ಯಾಂಪು, ಡ್ರಿಲ್ ಮಷಿನ್, ಹೆಸರಿಲ್ಲದ ಜೆಲ್ ಬಾಟಲಿಗಳ ಕಿಟ್ ತರಿಸಿ ಮರುದಿನವೇ ಬೋರ್ಡು ಹಾಕಬಹುದು. ಹಾಗಾಗಿ ಗಿರಾಕಿಯ ಕೈಗೂ ಅಪಾಯಕ್ಕೂ ನಡುವೆ ನಿಂತಿರುವುದು ಕಲಿಸುವವರ ಶಿಸ್ತು ಒಂದೇ.

ಕಡಲತಡಿಯ ಟೀಚರಿಗೆ ಇನ್ನೊಂದು ಪಾಠ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಉಗುರು ನೀರನ್ನು ಹೀರುತ್ತದೆ, ಹೀರಿದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ಅದರ ಮೇಲಿನ ಜೆಲ್ ಅಷ್ಟೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಆದ್ದರಿಂದ ಅಂಚು ಏಳುತ್ತದೆ. ಬಿಸಿನೀರಲ್ಲಿ ಕೈ ನೆನೆಸಿ ಮ್ಯಾನಿಕ್ಯೂರ್ ಮಾಡಿ ತಕ್ಷಣ ಜೆಲ್ ಹಚ್ಚಬಾರದು ಎನ್ನುವುದು ಇದೇ ಕಾರಣಕ್ಕೆ. ಈಗ ಜೂನ್‌ನಿಂದ ಸೆಪ್ಟೆಂಬರಿನ ಕಾರವಾರವನ್ನು ನೆನೆಸಿಕೊಳ್ಳಿ: ಗೋಡೆಯೇ ಬೆವರುವ ಮಳೆಗಾಲ. ಅದಕ್ಕೆ ಮನೆಯಲ್ಲಿ ದಿನಾ ಮೀನು ಕೊಯ್ದು ತೊಳೆಯುವ ಕೈ, ಕಾಳಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಕೈ. ಎದ್ದ ಅಂಚಿನ ಸಂದಿಗೆ ನೀರು ಸೇರಿ ನಿಂತರೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಅದರ ಮೇಲೆ ಇನ್ನೊಂದು ಪದರ ಬಣ್ಣ ಬಳಿದು ಕಳಿಸುವುದು ಕಲಿಯದವರ ಉಪಾಯ. ಪೂರ್ತಿ ತೆಗೆದು, ಒಣಗಲು ಬಿಟ್ಟು, ಡಾಕ್ಟರಿಗೆ ತೋರಿಸಿ ಎನ್ನುವುದು ಕಲಿತವರ ಮಾತು. ದೊಡ್ಡ ನಗರದ ಎಸಿ ಕ್ಲಾಸಿನಲ್ಲಿ ಕಲಿತು ಬಂದವರು ಊರಿನ ಹವೆಗೆ ತಕ್ಕಂತೆ ಪಾಠವನ್ನು ಹೊಸದಾಗಿ ಕಟ್ಟಿಕೊಳ್ಳಲೇಬೇಕು. ಉದ್ದ ಎಕ್ಸ್‌ಟೆನ್ಷನ್ ಕೇಳಿ ಬಂದ ಮೀನು ಮಾರುವ ಹೆಣ್ಣುಮಗಳಿಗೆ ಗಿಡ್ಡ ಉಗುರಿನ ಚೆಂದವನ್ನು ತೋರಿಸಿ ಒಪ್ಪಿಸುವುದನ್ನೂ ಶಿಷ್ಯೆಗೆ ಕಲಿಸಬೇಕು.

ಹಾಗೆಯೇ 'ಇಲ್ಲ' ಎನ್ನುವುದನ್ನೂ. ಉಗುರುಸುತ್ತು ಆಗಿ ಕೆಂಪಾದ ಬೆರಳು, ಶಿಲೀಂಧ್ರ ಹಿಡಿದು ಹಳದಿಯಾಗಿ ದಪ್ಪಗಾದ ಉಗುರು, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ: ಇವನ್ನು ಕಂಡರೆ ಕೆಲಸ ನಿಲ್ಲಿಸಬೇಕು. ಬಂದ ಗಿರಾಕಿಯನ್ನು ಬೇಸರವಾಗದಂತೆ ವಾಪಸು ಕಳಿಸುವುದು ಹೊಸಬರಿಗೆ ಬಹಳ ಕಷ್ಟ. ಒಳ್ಳೆಯ ಟೀಚರ್ ಅದನ್ನು ಕ್ಲಾಸಿನಲ್ಲಿ ಅಭಿನಯ ಮಾಡಿಸಿ ಅಭ್ಯಾಸ ಮಾಡಿಸುತ್ತಾರೆ.

ಪಾಠ ಹೇಳುವ ಸಾಮಗ್ರಿ ಮನೆಯಂಗಳದಲ್ಲೂ ಸಿಗುತ್ತದೆ. ಮದರಂಗಿ ಅರೆದು ಬೆರಳ ತುದಿಗೆ ಇಟ್ಟ ಹುಡುಗಿಯರಿಗೆಲ್ಲ ಗೊತ್ತು, ಅಂಗೈಯ ಬಣ್ಣ ಕೆಲವೇ ದಿನಕ್ಕೆ ಮಾಸಿದರೂ ಉಗುರಿನದು ತಿಂಗಳುಗಟ್ಟಲೆ ಉಳಿಯುತ್ತದೆ. ಮದರಂಗಿಯ ಬಣ್ಣ ಕೆರಾಟಿನ್ ಎಂಬ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ. ಉಗುರು ಎಂದರೆ ಒತ್ತೊತ್ತಾಗಿ ಕೂತ ಕೆರಾಟಿನ್ನೇ. ವಾರಗಳು ಕಳೆದಂತೆ ಬುಡದಲ್ಲಿ ಬಣ್ಣವಿಲ್ಲದ ಹೊಸ ಉಗುರು ಅರ್ಧಚಂದ್ರದ ಹಾಗೆ ಕಾಣಿಸಿಕೊಳ್ಳುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಯಾವ ಪುಸ್ತಕದಲ್ಲಿದೆ? ಡ್ರಿಲ್ ಒತ್ತಿ ತೆಳುವಾಗಿಸಿದ ಉಗುರು ಸರಿಯಾಗಲು ಎಷ್ಟು ಕಾಲ ಬೇಕು ಎನ್ನುವುದನ್ನು ಶಿಷ್ಯೆಯರು ಆ ಗೆರೆ ನೋಡಿಯೇ ಲೆಕ್ಕ ಹಾಕಬಲ್ಲರು.

ಇನ್ನು ಕಲಿಸುವ ವಿಧಾನ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಹಡಗುಕಟ್ಟೆಗಳಲ್ಲಿ ಇದೇ ಸಮಸ್ಯೆ ಎದುರಾಗಿತ್ತು. ಕೆಲಸ ಬಲ್ಲ ಹಳಬರು ಇದ್ದರು, ಸಾವಿರಾರು ಹೊಸಬರಿಗೆ ಬೇಗ ಕಲಿಸಬೇಕಿತ್ತು, ಹಳಬರಿಗೆ ಕಲಿಸಲು ಬರುತ್ತಿರಲಿಲ್ಲ. ಚಾರ್ಲ್ಸ್ ಅಲೆನ್ ಎಂಬ ಶಿಕ್ಷಣತಜ್ಞ ಅವರಿಗಾಗಿ ನಾಲ್ಕು ಹಂತಗಳ ಕ್ರಮ ರೂಪಿಸಿದ: ಕಲಿಯುವವರ ಮನಸ್ಸನ್ನು ಅಣಿಗೊಳಿಸು, ಮಾಡಿ ತೋರಿಸು, ಅವರ ಕೈಯಿಂದ ಮಾಡಿಸು, ಪರೀಕ್ಷಿಸು. ಎರಡನೆಯ ಮಹಾಯುದ್ಧದಲ್ಲಿ ಅದೇ ಕ್ರಮ ಇನ್ನಷ್ಟು ಪಳಗಿ ಕಾರ್ಖಾನೆಗಳಿಗೆ ಹೋಯಿತು. ಶಿಷ್ಯ ಕಲಿಯದಿದ್ದರೆ ಗುರು ಕಲಿಸಿಲ್ಲ ಎಂದೇ ಅರ್ಥ ಎಂಬುದು ಆ ತರಬೇತಿಯ ಕಟ್ಟುನಿಟ್ಟಿನ ನಿಯಮ. ಉಗುರಿನ ಕ್ಲಾಸಿಗೂ ಇದು ಹೊಂದುತ್ತದೆ. ಮಾಡಿ ತೋರಿಸುವಾಗ ಮೊದಲ ಸಲ ಮಾತಿಲ್ಲದೆ ಮಾಮೂಲು ವೇಗದಲ್ಲಿ, ಎರಡನೆಯ ಸಲ ನಿಧಾನವಾಗಿ ಒಂದೊಂದು ಹೆಜ್ಜೆಗೂ ಕಾರಣ ಹೇಳುತ್ತ. ಮೂರನೆಯ ಸಲ ಶಿಷ್ಯೆ ಹೆಜ್ಜೆಗಳನ್ನು ಹೇಳಬೇಕು, ಟೀಚರ್ ಹೇಳಿದಷ್ಟೇ ಮಾಡಬೇಕು. ಅವಳು ಏನನ್ನು ಬಿಟ್ಟಳು ಎಂಬುದು ಆಗ ಇಬ್ಬರಿಗೂ ಗೊತ್ತಾಗುತ್ತದೆ.

ಪ್ರಾಕ್ಟೀಸಿಗೆ ರಬ್ಬರಿನ ಕೈ ಸಿಗುತ್ತದೆ, ಪ್ಲಾಸ್ಟಿಕ್ ಟಿಪ್ಪುಗಳೂ ಸಿಗುತ್ತವೆ. ಆದರೆ ರಬ್ಬರಿನ ಕೈ ನೋವಾಯಿತು ಎನ್ನುವುದಿಲ್ಲ. ಜೆಲ್ ಗಟ್ಟಿಯಾಗುವಾಗ ಶಾಖ ಹೊರಬೀಳುತ್ತದೆ. ಪದರ ದಪ್ಪವಾಗಿ, ಉಗುರು ತೆಳುವಾಗಿದ್ದರೆ ಲ್ಯಾಂಪಿನೊಳಗೆ ಬೆರಳು ಚುರ್ರೆನ್ನುತ್ತದೆ. ಅದನ್ನು ತಡೆದುಕೊಂಡು ಕೂರಲು ಗಿರಾಕಿಗೆ ಹೇಳುವುದು ತಪ್ಪು, ಕೈ ಹೊರತೆಗೆಯಲು ಹೇಳಿ ತೆಳು ಪದರಗಳಲ್ಲಿ ಕೆಲಸ ಮಾಡಬೇಕು. ಆದ್ದರಿಂದ ಶಿಷ್ಯೆಯರು ಪರಸ್ಪರರ ಕೈಯ ಮೇಲೇ ಕಲಿಯುವುದು ಒಳ್ಳೆಯದು. ಲ್ಯಾಂಪಿನ ಬೆಳಕಿನ ಬಗೆಗೂ ಪ್ರಶ್ನೆಗಳು ಬರುತ್ತವೆ. 2023ರ ಜನವರಿಯಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ, ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಪ್ರಯೋಗಾಲಯದ ತಟ್ಟೆಯಲ್ಲಿದ್ದ ಜೀವಕೋಶಗಳ ಮೇಲೆ ಯುವಿ ಲ್ಯಾಂಪಿನ ಬೆಳಕು ಒಂದೇ ಸಲಕ್ಕೆ 20 ನಿಮಿಷ ಬಿದ್ದಾಗ ಶೇ. 20ರಿಂದ 30ರಷ್ಟು ಕೋಶಗಳು ಸತ್ತವು. ಪಾರ್ಲರಿನಲ್ಲಿ ಒಂದು ಪದರಕ್ಕೆ ಬೇಕಾಗುವುದು ಹೆಚ್ಚೆಂದರೆ ಒಂದೆರಡು ನಿಮಿಷ. ಹೆದರಿಸುವ ಅಗತ್ಯವಿಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ಬೆರಳ ತುದಿ ಮಾತ್ರ ಕಾಣುವ ಗ್ಲೌಸ್ ಇಲ್ಲವೇ ಸನ್‌ಸ್ಕ್ರೀನ್ ಬಳಸಿ ಎಂಬ ಚರ್ಮವೈದ್ಯರ ಸಲಹೆಯನ್ನು ದಾಟಿಸಿದರೆ ಸಾಕು.

ಕಲಿಸಲು ಕಾಗದಪತ್ರವೂ ಬೇಕಾಗುತ್ತದೆ, ವಿಶೇಷವಾಗಿ ಸರ್ಕಾರಿ ಯೋಜನೆಗಳಲ್ಲಿ ಟ್ರೇನರ್ ಆಗಬೇಕಿದ್ದರೆ. ಪಾರ್ಲರಿನಲ್ಲಿ ಕೆಲಸ ಮಾಡುತ್ತಲೇ ಕಲಿತು ಸರ್ಟಿಫಿಕೇಟ್ ಇಲ್ಲದವರಿಗೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಯನ್ನು ಗುರುತಿಸುವ ದಾರಿ ಇದೆ: ಇರುವ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಈ ಕ್ಷೇತ್ರದ ಮಾನದಂಡಗಳನ್ನು ರೂಪಿಸುವುದು ಬ್ಯೂಟಿ ಆ್ಯಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್. ಟ್ರೇನರ್ ಆಗುವವರಿಗೆ ಅದು ನಡೆಸುವ ತರಬೇತಿಯಲ್ಲಿ ಎರಡು ಭಾಗ, ಒಂದು ಕಸುಬಿನದು, ಇನ್ನೊಂದು ಕಲಿಸುವ ಕೌಶಲದ್ದು. ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ ಎಂಬುದು ಗಮನಿಸಬೇಕಾದ್ದು. ಕೆಲಸ ಬಂದರೆ ಕಲಿಸಲು ಬಂದಂತೆಯೇ ಎಂಬ ನಂಬಿಕೆಗೆ ಅಲ್ಲಿ ಜಾಗವಿಲ್ಲ.

ಐಟಿಐ ದಾರಿ ಇನ್ನೂ ಹಳೆಯದು. ಕಾಸ್ಮೆಟಾಲಜಿ ಒಂದು ವರ್ಷದ ಟ್ರೇಡ್, ಹತ್ತನೆಯ ತರಗತಿ ಪಾಸಾದವರು ಸೇರಬಹುದು. ಐಟಿಐಗಳಿಗೆ ಶಿಕ್ಷಕರನ್ನು ತಯಾರು ಮಾಡುವ ಕುಶಲಕರ್ಮಿ ಬೋಧಕರ ತರಬೇತಿ ಯೋಜನೆಯ ಮೊದಲ ಸಂಸ್ಥೆ 1948ರಲ್ಲೇ ಬಿಲಾಸಪುರದ ಕೋನಿಯಲ್ಲಿ ಶುರುವಾಗಿತ್ತು. ಹೆಣ್ಣುಮಕ್ಕಳಿಗಾಗಿಯೇ 1977ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ವೃತ್ತಿ ತರಬೇತಿ ಸಂಸ್ಥೆಗೆ ಈಗ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಎಂದು ಹೆಸರು, ಅದು ಇರುವುದು ಹೊಸೂರು ರಸ್ತೆಯಲ್ಲಿ. ಬೋಧಕರ ಕೋರ್ಸಿನ ಒಂದು ವರ್ಷದಲ್ಲಿ ಪಾಠಯೋಜನೆ ಬರೆಯುವುದು, ಪಾಠ ಮಾಡಿ ತೋರಿಸುವುದು, ಮೌಲ್ಯಮಾಪನ ಎಲ್ಲ ಬರುತ್ತವೆ.

ಉತ್ತರ ಕನ್ನಡದವರಿಗೆ ಹತ್ತಿರದ ಬಾಗಿಲು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಈ ಜಿಲ್ಲೆಯಲ್ಲಿ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಆ ಸಾಲಿನದು. ಊಟ-ವಸತಿ ಸಹಿತ ಉಚಿತವಾಗಿ ನಡೆಯುವ ಆರ್‌ಸೆಟಿ ಕೋರ್ಸುಗಳಲ್ಲಿ ಸುಮಾರು ಒಂದು ತಿಂಗಳ ಬ್ಯೂಟಿ ಪಾರ್ಲರ್ ನಿರ್ವಹಣೆಯೂ ಇದೆ. ಆ ಕೋರ್ಸನ್ನು ನಡೆಸಲು ಕಸುಬು ಬಲ್ಲವರನ್ನೇ ಹೊರಗಿನಿಂದ ಅತಿಥಿ ಬೋಧಕರಾಗಿ ಕರೆಯುತ್ತಾರೆ. ಹೀಗೆ ಬರುವ ಬೋಧಕರಿಗೆ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಕೋಡಿಬಾಗದ ಪಾರ್ಲರೊಂದರಲ್ಲಿ ಹತ್ತು ವರ್ಷ ದುಡಿದವರಿಗೆ ಮೊದಲ ಬಾರಿ ಮೂವತ್ತು ಜನರ ಮುಂದೆ ನಿಂತು ಮಾತಾಡಲು ಇದಕ್ಕಿಂತ ಒಳ್ಳೆಯ ವೇದಿಕೆ ಸಿಗಲಾರದು. ಸ್ವಂತ ಕ್ಲಾಸ್ ತೆರೆಯುವ ಸಾಹಸಕ್ಕೆ ಮೊದಲು ಪಾಠ ಹೇಳುವುದು ತಮಗೆ ಒಗ್ಗುತ್ತದೋ ಎಂದು ಅಲ್ಲಿ ತಿಳಿಯಬಹುದು.

ಸ್ವಂತ ಕ್ಲಾಸ್ ತೆರೆಯುವವರು ಬ್ಯಾಚನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದು ಜಾಣತನ. ಒಬ್ಬೊಬ್ಬರ ಕೈಯ ಹಿಡಿತವನ್ನು ಹತ್ತಿರದಿಂದ ನೋಡಿ ತಿದ್ದಬೇಕಾದ ಕೆಲಸವಿದು. ಏಳೆಂಟು ಜನರಾದರೆ ಒಬ್ಬರ ಕಣ್ಣು ಸಾಲದು. ಕಿಟಕಿ ತೆರೆದು ಗಾಳಿಯಾಡುವ ಕೋಣೆ, ಪುಡಿ ಎಳೆಯುವ ಫ್ಯಾನ್, ಮಾಸ್ಕ್, ನೈಟ್ರೈಲ್ ಗ್ಲೌಸ್, ಉಪಕರಣಗಳನ್ನು ತೊಳೆದು ಸೋಂಕು ತೆಗೆಯುವ ವ್ಯವಸ್ಥೆ ಇವು ಮೊದಲ ಖರ್ಚಿನಲ್ಲೇ ಸೇರಬೇಕು, ಡಿಸೈನಿನ ಕಲ್ಲು-ಮಣಿಗಳು ಆಮೇಲೆ. ಒಂದೇ ದಿನದಲ್ಲಿ ಎಕ್ಸ್‌ಟೆನ್ಷನ್ ಕಲಿಸಿ ಸರ್ಟಿಫಿಕೇಟ್ ಕೊಡುವ ಜಾಹೀರಾತುಗಳು ಇಂದು ಎಲ್ಲೆಡೆ ಇವೆ. ಅವುಗಳ ಜೊತೆ ಪೈಪೋಟಿಗೆ ಇಳಿಯದೆ, ಕಲಿಯಲು ಬಂದವಳ ಮನೆಯವರಿಗೆ ಇಷ್ಟು ವಾರ ಬೇಕೇ ಬೇಕು ಎಂದು ಮೊದಲ ದಿನವೇ ಹೇಳುವ ಧೈರ್ಯ ಟೀಚರಿಗೆ ಇರಬೇಕು.

ಟೀಚರ್ ಆದಮೇಲೂ ಓದು ನಿಲ್ಲುವುದಿಲ್ಲ. ಅನೇಕ ಜೆಲ್‌ಗಳಲ್ಲಿ ಬೆಳಕಿಗೆ ಸ್ಪಂದಿಸಿ ಗಟ್ಟಿಯಾಗುವ ಕ್ರಿಯೆಗೆ ಚಾಲನೆ ಕೊಡುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಸಂತಾನಶಕ್ತಿಗೆ ಹಾನಿ ಮಾಡಬಹುದೆಂಬ ಕಾರಣಕ್ಕೆ ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಅಲ್ಲಿನ ಪಾರ್ಲರುಗಳು ಹಳೆಯ ಬಾಟಲಿಗಳನ್ನು ಪಕ್ಕಕ್ಕಿಡಬೇಕಾಯಿತು. ಇಲ್ಲಿ ಅಂಥ ಬಾಟಲಿ ತರಗತಿಗೆ ಬಂದರೆ ಅದನ್ನು ಬಳಸಬೇಕೋ ಬೇಡವೋ ಎಂಬ ತೀರ್ಮಾನ ಟೀಚರ್ ಅವರದೇ. ಹಾಗಾಗಿ ಹೊಸ ಬ್ಯಾಚಿನ ಮೊದಲ ಪಾಠವನ್ನು ಬ್ರಷ್ ಹಿಡಿಯುವುದರಿಂದ ಶುರುಮಾಡದೆ ಲೇಬಲ್ ಓದಿಸುವುದರಿಂದಲೇ ಶುರುಮಾಡಬಹುದು. ಪ್ರತಿ ಶಿಷ್ಯೆ ತಾನು ತಂದ ಬಾಟಲಿಯನ್ನು ತಿರುಗಿಸಿ ಹಿಡಿದು, ಅದರಲ್ಲಿ ಹೇಮಾ ಇದೆಯೇ, ಟಿಪಿಒ ಇದೆಯೇ, ತಯಾರಿಸಿದವರ ವಿಳಾಸವಿದೆಯೇ, ಯಾವ ಲ್ಯಾಂಪಿನಲ್ಲಿ ಎಷ್ಟು ಸೆಕೆಂಡು ಎಂದು ಬರೆದಿದೆಯೇ ಎಂದು ಹುಡುಕಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ. ಏನೂ ಬರೆದಿಲ್ಲದ ಬಾಟಲಿಯನ್ನು ಆ ದಿನವೇ ಟೇಬಲ್ಲಿನಿಂದ ತೆಗೆಯಲಿ.